ವಿಧಾನಸಭೆಯ ಪ್ರಶ್ನೋತ್ತರ ಪ್ರಕಟಣೆ: ಗಣಿ ಜಿಲ್ಲೆಯ ಓದುಗನ ವಿಮರ್ಶೆ

ಕರ್ನಾಟಕ ವಿಧಾನಸಭೆಯ ಸದಸ್ಯರ ಪ್ರಶ್ನೆಗಳಿಗೆ ಸರ್ಕಾರ ಕೊಟ್ಟ ಉತ್ತರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುವ ಸೇವೆಯನ್ನು ನಾನು ಪ್ರತಿ ಅಧಿವೇಶನದ ನಂತರವೂ ಬಳಸುತ್ತೇನೆ. ಸದನದಲ್ಲಿ ಮೌಖಿಕ ಉತ್ತರ ಪಡೆಯುವ ಚುಕ್ಕೆ ಗುರುತಿನ ಪ್ರಶ್ನೆಗಳು ಹೆಚ್ಚು ಸುದ್ದಿಯಾಗುತ್ತವೆ. ನನಗೆ ಉಪಯುಕ್ತವೆನಿಸಿದ್ದು ಲಿಖಿತ ಉತ್ತರ ಪಡೆಯುವ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು.

4,09,549 ಕೋಟಿ ರೂಪಾಯಿ ಗಾತ್ರದ 2025-26ನೇ ಸಾಲಿನ ಆಯವ್ಯಯದಲ್ಲಿ ಒಂದು ತಾಲ್ಲೂಕಿನ ಪಾಲೆಷ್ಟು ಎಂಬುದು ಬಜೆಟ್ ಭಾಷಣದಿಂದ ತಿಳಿಯುವುದಿಲ್ಲ. ಶಾಸಕರು ಕ್ಷೇತ್ರವಾರು ವಿವರ ಕೇಳಿದಾಗ ಅದು ಅನುಬಂಧದಲ್ಲಿ ಕಾಮಗಾರಿಗಳ ಪಟ್ಟಿಯಾಗಿ ದೊರೆಯುತ್ತದೆ. ಖನಿಜದ ವಿಷಯದಲ್ಲಂತೂ ಇದರ ಬೆಲೆ ಇನ್ನೂ ಹೆಚ್ಚು. 2015ರ ಗಣಿ ಕಾನೂನಿನ ತಿದ್ದುಪಡಿಯ ನಂತರ ಕಬ್ಬಿಣದ ಅದಿರಿನಂತಹ ಪ್ರಧಾನ ಖನಿಜಗಳ ಗುತ್ತಿಗೆದಾರರು, ತೆಗೆದ ಖನಿಜಕ್ಕಾಗಿ ಸರ್ಕಾರಕ್ಕೆ ಕೊಡುವ ರಾಜಧನ (ರಾಯಲ್ಟಿ) ಅಲ್ಲದೆ, ಹಳೆಯ ಗುತ್ತಿಗೆಯಾದರೆ ಆ ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದದ್ದಾದರೆ ಶೇ. 10ರಷ್ಟನ್ನು ಗಣಿಗಾರಿಕೆಯಿಂದ ಬಾಧಿತರಾದವರ ಹಿತಕ್ಕಾಗಿರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಧೂಳು ಕುಡಿಯುವ ಹಳ್ಳಿಗೆ ಆ ಹಣ ತಲುಪಿತೇ ಎಂದು ಕೇಳುವ ಶಾಸಕರ ಬಗ್ಗೆ, ಅವರು ಯಾವ ಪಕ್ಷದವರೇ ಆಗಿರಲಿ, ನನಗೆ ಗೌರವವಿದೆ.

ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಎಂಬ ವಿನ್ಯಾಸ ಸರಳವಾಗಿದ್ದು, ಸರ್ಕಾರ ಯಾವ ಉಪಪ್ರಶ್ನೆಯನ್ನು ತೇಲಿಸಿಬಿಟ್ಟಿತು ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ ಎಂಬ ಉತ್ತರ ಕಂಡಾಗ ಮಾತ್ರ ನಿಜಕ್ಕೂ ಬೇಸರವಾಗುತ್ತದೆ. ಖನಿಜ ಹಕ್ಕುಗಳ ಮೇಲೆ ರಾಜ್ಯಗಳು ತೆರಿಗೆ ವಿಧಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 25ರಂದು ತೀರ್ಪಿತ್ತ ಮೇಲೆ ಇಂತಹ ಪ್ರಶ್ನೆಗಳ ತೂಕ ಹೆಚ್ಚಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಓದುಗರು ಮೊದಲು ಅನುಬಂಧಗಳನ್ನೇ ತೆರೆದು ನೋಡಲಿ.