ಕೆಸರು ಹಿಂಡಲು ಡಿಕ್ಯಾಂಟರ್ ಬೇಕಾ, ಫಿಲ್ಟರ್ ಪ್ರೆಸ್ ಸಾಕಾ?

ಕಾರ್ಖಾನೆಯ ಕೊಳಚೆ ನೀರಿನ ಕೆಸರಿಗೆ ಯಾವುದು ಸರಿ ಅಂತ ಕೇಳಿದ್ದೀರಿ. ಮೊದಲು ಎರಡೂ ಕೆಲಸ ಮಾಡುವ ರೀತಿ ನೋಡೋಣ.

ಡಿಕ್ಯಾಂಟರ್ ಸೆಂಟ್ರಿಫ್ಯೂಜ್‌ನ ಉದ್ದನೆಯ ಡ್ರಮ್ ನಿಮಿಷಕ್ಕೆ ಸಾಮಾನ್ಯವಾಗಿ 2000ದಿಂದ 4000 ಸುತ್ತು ತಿರುಗುತ್ತದೆ. ಭಾರದ ಕಣಗಳು ಗೋಡೆಗೆ ಒತ್ತಿಕೊಳ್ಳುತ್ತವೆ. ಒಳಗಿನ ಸ್ಕ್ರೂ ಸ್ವಲ್ಪವೇ ಬೇರೆ ವೇಗದಲ್ಲಿ ತಿರುಗಿ, ಅವನ್ನು ಕಿರಿದಾದ ತುದಿಗೆ ತಳ್ಳುತ್ತದೆ. ನೀರು ಇನ್ನೊಂದು ತುದಿಯಿಂದ ಹೊರಗೆ. ಆ ಚೂರು ವ್ಯತ್ಯಾಸದಲ್ಲೇ ಇದೆ ಜಾಣತನ: ಕಡಿಮೆ ಮಾಡಿದರೆ ಕೆಸರು ಜಾಸ್ತಿ ಒಣಗುತ್ತದೆ, ತೀರಾ ಕಡಿಮೆಯಾದರೆ ಒಳಗೇ ಕಟ್ಟಿಕೊಳ್ಳುತ್ತದೆ.

ಫಿಲ್ಟರ್ ಪ್ರೆಸ್‌ನಲ್ಲಿ ಬಟ್ಟೆ ಹೊದಿಸಿದ ಪ್ಲೇಟುಗಳ ನಡುವೆ ಪಂಪು ಕೆಸರು ತುಂಬುತ್ತದೆ. ನೀರು ಬಟ್ಟೆಯಿಂದ ಸೋಸಿ ಹೋಗುತ್ತದೆ, ಗಟ್ಟಿ ಭಾಗ ಒಳಗೆ ಉಳಿಯುತ್ತದೆ. ಪ್ಲೇಟು ಬಿಡಿಸಿದಾಗ ಬೀಳುವ ಬಿಲ್ಲೆ ಕೈಯಲ್ಲಿ ಪಟ್ಟನೆ ಮುರಿಯುತ್ತದೆ. ಡಿಕ್ಯಾಂಟರಿನದು ಹೆಚ್ಚಾಗಿ ಹಸಿ ಮಣ್ಣಿನ ಹಾಗೆ. ತೂಕದ ಲೆಕ್ಕದಲ್ಲಿ ಸಾಗಣೆಗೆ ದುಡ್ಡು ಕೊಡುವವರಿಗೆ ಇದು ದೊಡ್ಡ ವಿಷಯ, ಅಲ್ವಾ?

ಸಣ್ಣ ಪ್ರೆಸ್ ಅಗ್ಗ, ಕರೆಂಟೂ ಕಡಿಮೆ. ಆದರೆ ಪ್ರತಿ ಬ್ಯಾಚಿಗೂ ಆಳು ಬೇಕು, ಬಟ್ಟೆ ತೊಳೆಯಬೇಕು. ಡಿಕ್ಯಾಂಟರ್ ಹಗಲೂ ರಾತ್ರಿ ಓಡುತ್ತದೆ, ಮುಚ್ಚಿರುವುದರಿಂದ ವಾಸನೆ ಕಡಿಮೆ. ಕೆಸರಿನ ಕಣಗಳನ್ನು ಗಂಟುಕಟ್ಟಿಸುವ ಪಾಲಿಮರ್ ರಾಸಾಯನಿಕದ ಖರ್ಚು ಇರುತ್ತದೆ, ಮರಳಿದ್ದರೆ ಸ್ಕ್ರೂ ಸವೆಯುತ್ತದೆ.

ದಿನಕ್ಕೆ ಒಂದೆರಡು ಬ್ಯಾಚ್ ಅಷ್ಟೇ ಅಂದರೆ ಪ್ರೆಸ್ ನೋಡಿ. ಎಣ್ಣೆ ಜಿಡ್ಡಿನ ಕೆಸರು ಬಟ್ಟೆಯ ರಂಧ್ರ ಮುಚ್ಚಿಬಿಡುತ್ತದೆ. ಅಲ್ಲಿ, ಮತ್ತೆ ಬಿಡುವಿಲ್ಲದೆ ಕೆಸರು ಬರುವ ಕಡೆ, ನಾನು ಡಿಕ್ಯಾಂಟರ್ ಕಡೆಗೇ. ಏನೇ ಕೊಂಡರೂ ನಿಮ್ಮದೇ ಕೆಸರು ಹಾಕಿ ಓಡಿಸಿ ತೋರಿಸಲು ಹೇಳಿ.