ಡ್ಯೂನ್ ಬಗ್ಗಿ ತಗೊಳ್ತೀರಾ? ಮೊದ್ಲು ಹಿಂದಿನ ಸೀಟ್ ಕಿತ್ತು ನೋಡಿ, ಆಮೇಲೆ ದುಡ್ಡಿನ ಮಾತು

ಇದನ್ನ ಬರೀಬೇಕಾ ಬೇಡ್ವಾ ಅಂತ ಎರಡು ತಿಂಗಳು ಯೋಚ್ನೆ ಮಾಡಿದೆ, ಯಾಕಂದ್ರೆ ಓದಿದೋರು ಮೊದ್ಲು ಕೇಳೋದೇ "ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ" ಅಂತ. ಗೊತ್ತಾಗ್ಲಿಲ್ಲ. ಹಾಗಂತ ನಾನು ಕಣ್ಮುಚ್ಕೊಂಡು ತಗೊಂಡವನೂ ಅಲ್ಲ, ಟೈಟಲ್ (ಗಾಡಿ ಯಾರದ್ದು ಅಂತ ಸರ್ಕಾರ ಕೊಡೋ ಕಾಗದ) ನೋಡ್ದೆ, ಛಾಸಿ ನಂಬರ್ ನೋಡ್ದೆ, ಎರಡೂ ಒಂದೇ ಇತ್ತು, ಆದ್ರೂ 8,500 ಡಾಲರ್ ಹೋಯ್ತು, ಗಾಡಿನೂ ಹೋಯ್ತು. ಅದಕ್ಕೇ ಬರೀತಿರೋದು. ನಂಬರ್ ನೋಡಿ ನಂಬರ್ ನೋಡಿ ಅಂತ ಎಲ್ರೂ ಹೇಳ್ತಾರೆ, ನೋಡೋದು ಹೆಂಗೆ ಅಂತ ಯಾರೂ ಹೇಳಲ್ಲ.

ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಗ್ಲಾಮಿಸ್ ಕಡೆ ಮರಳು ದಿಬ್ಬಗಳಿಗೆ ಒಂದು ಸಲ ಹೋಗಿ ಬಂದವ್ರಿಗೆ ಈ ಹುಚ್ಚು ಹಿಡಿಯುತ್ತೆ, ನಂಗೂ ಹಿಡೀತು. ಗೊತ್ತಿಲ್ಲದವ್ರಿಗೆ ಒಂದು ಮಾತು: ಡ್ಯೂನ್ ಬಗ್ಗಿ ಅಂದ್ರೆ ಮರಳಲ್ಲಿ ಓಡಿಸೋ ಹಗುರ ತೆರೆದ ಗಾಡಿ, ಹಳೇ ಕಾಲದ್ದು ಹೆಚ್ಚಿನಂಶ ಫೋಕ್ಸ್‌ವ್ಯಾಗನ್ ಬೀಟಲ್ಲೇ. 1964ರಲ್ಲಿ ಬ್ರೂಸ್ ಮೇಯರ್ಸ್ ಅನ್ನೋರು ಇದೇ ಕ್ಯಾಲಿಫೋರ್ನಿಯಾದಲ್ಲಿ ಮೊದಲ್ನೇ ಮೇಯರ್ಸ್ ಮ್ಯಾಂಕ್ಸ್ ಬಗ್ಗಿ ಕಟ್ಟಿದ್ರು, ಆಮೇಲೆ ಅದನ್ನ ಕಿಟ್, ಅಂದ್ರೆ ಮನೇಲೇ ಜೋಡಿಸ್ಕೊಳ್ಳೋ ಬಿಡಿಭಾಗಗಳ ಸೆಟ್ ಮಾಡಿ ಮಾರೋಕೆ ಶುರು ಮಾಡಿದಾಗ ಲೆಕ್ಕ ಸಿಂಪಲ್ ಆಯ್ತು, ಬೀಟಲ್ಲಿನ ಮೇಲಿನ ಬಾಡಿ ಕಿತ್ತು ಎಸೆಯೋದು, ಕೆಳಗಿನ ಫ್ಲೋರ್ ಪ್ಯಾನ್, ಅಂದ್ರೆ ಗಾಡಿಯ ತಳದ ತಗಡು ಚೌಕಟ್ಟನ್ನ ಮಧ್ಯದಲ್ಲಿ ಕತ್ತರಿಸಿ ಸುಮಾರು 14 ಇಂಚು ಗಿಡ್ಡ ಮಾಡಿ ವೆಲ್ಡ್ ಮಾಡೋದು, ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸೋದು. ಅದನ್ನ ನೋಡಿ ಕಾಪಿ ಹೊಡೆದ ಕಂಪನಿಗಳಿಗೆ ಲೆಕ್ಕವೇ ಇಲ್ಲ. ಅಂದ್ರೆ ಇವತ್ತು ನೀವು ನೋಡೋ ಬಗ್ಗಿ ಯಾವುದೋ ಒಂದು ಬೀಟಲ್ಲಿನ ಪುನರ್ಜನ್ಮ, ಕಾನೂನಿನ ಕಣ್ಣಿಗೆ ಅದು ಇನ್ನೂ ಆ ಬೀಟಲ್ಲೇ.

ಕಳ್ಳರಿಗೆ ಅನುಕೂಲ ಆಗೋದೂ ಇದೇ ಜಾಗದಲ್ಲಿ. ಬೀಟಲ್ಲಿಗೆ ನಂಬರ್ ಒಂದೇ ಕಡೆ ಇರಲ್ಲ, ಮುಂದೆ ಡಿಕ್ಕಿ ಒಳಗೆ ಸ್ಪೇರ್ ಟೈರ್ ಹಿಂದೆ ಒಂದು ಪ್ಲೇಟ್ ಇರುತ್ತೆ, ಅಮೆರಿಕಕ್ಕೆ ಬಂದ ಸ್ವಲ್ಪ ಆಮೇಲಿನ ಗಾಡಿಗಳಲ್ಲಿ ಡ್ಯಾಶ್ ಮೇಲೆ ಗ್ಲಾಸಿಂದ ಕಾಣೋ ಹಂಗೆ ಇನ್ನೊಂದಿರುತ್ತೆ, ಮೂರನೇದು ಪ್ಯಾನ್ ಮಧ್ಯೆ ಉದ್ದಕ್ಕೆ ಹೋಗೋ ಟನೆಲ್ ಅನ್ನೋ ಉಬ್ಬಿನ ಮೇಲೆ, ಹಿಂದಿನ ಸೀಟ್ ಕೆಳಗೆ, ಗೇರ್ ರಾಡ್ ಜೋಡಣೆ ನೋಡೋಕೆ ಒಂದು ಚಿಕ್ಕ ಮುಚ್ಚಳ ಇರುತ್ತಲ್ಲ ಅದರ ಹತ್ರ, ಕಬ್ಬಿಣಕ್ಕೇ ಕೊರೆದಿರೋದು. ಬಗ್ಗಿ ಮಾಡ್ವಾಗ ಬಾಡಿ ಎಸೆದ್ರೆ ಮೊದಲ್ನೇ ಎರಡೂ ಹೋದಂಗೆ. ಉಳಿಯೋದು ಟನೆಲ್ ಮೇಲಿಂದು ಒಂದೇ. ಫೈಬರ್ ಬಾಡಿ ಡ್ಯಾಶಿಗೆ ನಾಲ್ಕು ಸ್ಕ್ರೂ ಹಾಕಿ ಚಂದದ ಅಲ್ಯೂಮಿನಿಯಂ ತಗಡು ಹಚ್ಚಿದ್ರೆ ಅದನ್ನ ನಂಬರ್ ಅಂತ ನಂಬಬೇಡಿ, ಅದು ಯಾರೋ ಹಚ್ಚಿರೋದು. ಮೇಯರ್ಸ್ ಮ್ಯಾಂಕ್ಸ್ ಕಿಟ್ಟಿಗೂ ಒಂದು ಸೀರಿಯಲ್ ಟ್ಯಾಗ್ ಬರ್ತಿತ್ತು, ಅದು ಕಿಟ್ಟಿನ ನಂಬರ್, ಗಾಡಿ ನಂಬರ್ ಅಲ್ಲ. ಇಂಜಿನ್ ನಂಬರ್ ಬಗ್ಗೆ ಮಾತೇ ಬೇಡ, ಡೈನಮೋ ಸ್ಟ್ಯಾಂಡ್ ಕೆಳಗೆ ಕೇಸ್ ಮೇಲೆ ಕೊರೆದಿರ್ತಾರೆ ನಿಜ, ಆದ್ರೆ ಈ ಗಾಡಿಗಳ ಇಂಜಿನ್ನನ್ನ ಜನ ಅಂಗಿ ಬದಲಾಯಿಸಿದ ಹಾಗೆ ಬದಲಾಯಿಸಿರ್ತಾರೆ.

ಸರಿ, ನನ್ನ ಕತೆ.

ಆನ್‌ಲೈನ್ ಜಾಹೀರಾತು, ಕಿತ್ತಳೆ ಬಣ್ಣ, ಮಿನುಗೋ ಪೇಂಟ್, 1600 ಇಂಜಿನ್, "ಕ್ಲೀನ್ ಟೈಟಲ್ ಕೈಯಲ್ಲಿದೆ" ಅಂತ ಬರೆದಿತ್ತು. ಪಕ್ಕದ ಸ್ಟೇಟ್ ಟೈಟಲ್. ಮಾರೋನು ತುಂಬಾ ಒಳ್ಳೆ ಮನುಷ್ಯನ ತರ ಮಾತಾಡ್ದ, ಮಕ್ಕಳ ಬಗ್ಗೆ ಕೇಳ್ದ, ನೀರು ಕೊಟ್ಟ, ಒಂದು ರೌಂಡ್ ಹೊಡೆಸ್ದ. ಟೈಟಲ್ ನೋಡಿದ್ರೆ ಅದರಲ್ಲಿ ಅವನ ಹೆಸರೇ ಇಲ್ಲ, ಬೇರೆ ಯಾರದೋ ಹೆಸರು, ಆ ಯಾರೋ ಹಿಂದೆ ಸೈನ್ ಹಾಕಿದಾರೆ, ತಗೊಳೋರ ಜಾಗ ಖಾಲಿ. ಕೇಳಿದ್ದಕ್ಕೆ "ನಾನು ಆರು ತಿಂಗಳ ಹಿಂದೆ ತಗೊಂಡೆ, ನನ್ನ ಹೆಸರಿಗೆ ಮಾಡಿಸ್ಕೊಂಡಿಲ್ಲ, ನೀವು ನೇರ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ನಿಮಗೇ ಒಂದು ಫೀಸು ಉಳಿಯುತ್ತೆ" ಅಂದ. ನಂಗೆ ಒಳ್ಳೇದೇ ಅನ್ನಿಸ್ತು ನೋಡಿ! ಇದಕ್ಕೆ ಟೈಟಲ್ ಜಂಪಿಂಗ್ ಅಂತ ಹೆಸರೇ ಇದೆ, ಕಾನೂನುಬಾಹಿರ, ಅದಕ್ಕಿಂತ ಮುಖ್ಯ ಏನಂದ್ರೆ ಹಂಗೆ ಮಾಡಿದಾಗ ಮಧ್ಯದವನ ಹೆಸರು ಯಾವ ಕಾಗದದಲ್ಲೂ ಬರಲ್ಲ. ನಾಳೆ ಏನಾದ್ರೂ ಆದ್ರೆ ನೀವು, ಮತ್ತೆ ಆ ಟೈಟಲ್‌ನಲ್ಲಿರೋ ಯಾರೋ, ಇಬ್ಬರೇ. ನಿಮಗೆ ನೀರು ಕೊಟ್ಟವನು ಇರೋದೇ ಇಲ್ಲ. ನಾನು ಅವನ ಲೈಸೆನ್ಸ್ ಫೋಟೋ ಕೂಡ ತೆಗೆದುಕೊಳ್ಳಲಿಲ್ಲ, ಕೇಳೋಕೆ ಸಂಕೋಚ, ನಮ್ಮವ್ರಿಗಿರೋ ದೊಡ್ಡ ಕಾಯಿಲೆ ಅದು.

ನಂಬರ್ ನೋಡ್ಬೇಕು ಅಂತ ಹೇಳ್ದೆ. ಅವನು ಒಂಚೂರೂ ಹಿಂಜರೀಲಿಲ್ಲ, ಹಿಂದಿನ ಸೀಟಿನ ಮೂಲೆ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟು ತೋರಿಸ್ದ. 116 ಅಂತ ಶುರು ಆಗೋ ನಂಬರ್. ಟೈಟಲ್‌ನಲ್ಲೂ ಅದೇ, ಒಂದೊಂದೇ ಅಂಕಿ ಓದಿ ಹೋಲಿಸ್ದೆ, 1966 ಫೋಕ್ಸ್‌ವ್ಯಾಗನ್ ಅಂತ ಬರೆದಿದೆ, ಎಲ್ಲಾ ಸರಿ. ಕ್ಯಾಶ್ ಎಣಿಸಿ ಕೊಟ್ಟೆ, ಟ್ರೇಲರ್‌ಗೆ ಏರಿಸ್ಕೊಂಡು ಬಂದೆ. ಬಿಲ್ ಆಫ್ ಸೇಲ್ ಅಂತ ಒಂದು ಹಾಳೆ ಬರೆದುಕೊಟ್ಟ, ಅದರಲ್ಲೂ ಮಾರಿದವನ ಹೆಸರು ಆ ಟೈಟಲ್‌ನಲ್ಲಿರೋದೇ.

ಡಿಎಂವಿಗೆ, ಅಂದ್ರೆ ಇಲ್ಲಿನ ಆರ್‌ಟಿಓ ಆಫೀಸಿಗೆ, ಹೋದೆ, ಇಲ್ಲಿ 10 ದಿನದೊಳಗೆ ಟ್ರಾನ್ಸ್‌ಫರ್‌ಗೆ ಕೊಡ್ಬೇಕು. ಹೊರಗಿನ ಸ್ಟೇಟ್ ಗಾಡಿ ಆದ್ರೆ ಅವ್ರೇ ಗಾಡಿ ಹತ್ರ ಬಂದು ನಂಬರ್ ಪರಿಶೀಲನೆ ಮಾಡ್ತಾರೆ. ಬಂದ ಹೆಂಗಸು ಒಂದು ಸುತ್ತು ಸುತ್ತಿ "ಟೈಟಲ್‌ನಲ್ಲಿ ಎರಡು ಬಾಗಿಲ ಸೆಡಾನ್ ಅಂತಿದೆ, ಇದಕ್ಕೆ ಬಾಗಿಲೇ ಇಲ್ಲ" ಅಂತ ನಕ್ಕು, ನಾವಿದನ್ನ ಮಾಡಲ್ಲ, ಹೈವೇ ಪ್ಯಾಟ್ರೋಲ್ ಪೊಲೀಸ್ರ ಹತ್ರ ಇನ್‌ಸ್ಪೆಕ್ಷನ್ ಮಾಡಿಸ್ಕೊಂಡು ಬನ್ನಿ ಅಂತ ಕಳಿಸಿದ್ಲು. ಬಗ್ಗಿಗಳಿಗೆ ಇದು ಮಾಮೂಲಿ ಅಂತ ನಾನೂ ತಲೆ ಕೆಡಿಸ್ಕೊಳ್ಳಲಿಲ್ಲ. ಅಪಾಯಿಂಟ್‌ಮೆಂಟ್‌ಗೆ ಮೂರು ವಾರ ಇತ್ತು. ಆ ಮೂರು ವಾರದಲ್ಲಿ ಹೊಸ ಬ್ಯಾಟರಿ, ಮರಳಿಗೆ ಅಂತ ಒಂದು ಜೊತೆ ಪ್ಯಾಡಲ್ ಟೈರು, ಎಲ್ಲಾ ತಂದೆ. ಹೆಂಡ್ತಿ ಹೇಳಿದ್ಲು, ಮೊದ್ಲು ಪೇಪರ್ ಆಗ್ಲಿ ಅಂತ. ಹೋಗ್ಲಿ ಬಿಡಿ.

ಗೊತ್ತಾಗಿದ್ದು ನನ್ನ ಫ್ರೆಂಡ್‌ನಿಂದ. ಹಳೇ ಬೀಟಲ್ ಅಂದ್ರೆ ಪ್ರಾಣ ಬಿಡೋ ಮನುಷ್ಯ, ಬ್ರೇಕ್ ಅಡ್ಜಸ್ಟ್ ಮಾಡಿಕೊಡ್ತೀನಿ ಅಂತ ಬಂದು ಗಾಡಿ ಕೆಳಗೆ ಮಲಗಿದ, ಎರಡು ನಿಮಿಷ ಸದ್ದೇ ಇಲ್ಲ.

"ಮಗಾ, ಇದು ಯಾವ ವರ್ಷದ್ದು ಅಂದೆ?"

"66."

"66ರಲ್ಲಿ ಇದು ಇಲ್ವಲ್ಲೋ."

ಅವನು ತೋರಿಸಿದ್ದು ಹಿಂದಿನ ಸಸ್ಪೆನ್ಷನ್. ಹಳೇ ಬೀಟಲ್ಲುಗಳಲ್ಲಿ ಸ್ವಿಂಗ್ ಆಕ್ಸಲ್, ಅಂದ್ರೆ ಗೇರ್‌ಬಾಕ್ಸಿಂದ ಚಕ್ರದವರೆಗೆ ಒಂದು ಕೊಳವೆ, ಆ ಕೊಳವೆ ಒಳಗೆ ಶಾಫ್ಟು, ಗೇರ್‌ಬಾಕ್ಸ್ ಹತ್ರ ಒಂದು ರಬ್ಬರ್ ಬೂಟು. ಅಮೆರಿಕದ ಬೀಟಲ್ಲಿಗೆ 1969ರ ಮಾಡೆಲ್ಲಿಂದ ಹೊಸ ತರದ ಸಸ್ಪೆನ್ಷನ್, ಐಆರ್‌ಎಸ್ ಬಂತು (68ರ ಆಟೋಸ್ಟಿಕ್, ಅಂದ್ರೆ ಅರ್ಧ ಆಟೋಮ್ಯಾಟಿಕ್ ಗೇರಿನದ್ದು, ಒಂದು ಬಿಟ್ರೆ), ಅದರಲ್ಲಿ ಶಾಫ್ಟ್ ಬಯಲಲ್ಲೇ ಕಾಣುತ್ತೆ, ಎರಡೂ ತುದಿಗೆ ಸಿವಿ ಜಾಯಿಂಟು, ಅಂದ್ರೆ ಬಾಗೋ ಕೀಲು. ನನ್ನ ಗಾಡೀಲಿ ಇದ್ದಿದ್ದು ಐಆರ್‌ಎಸ್. ಹಳೇ ಪ್ಯಾನಿಗೆ ಐಆರ್‌ಎಸ್ ಹಾಕೋಕೆ ಆಗಲ್ಲ ಅಂತಲ್ಲ, ಜನ ಬ್ರ್ಯಾಕೆಟ್ ತಂದು ವೆಲ್ಡ್ ಮಾಡಿ ಹಾಕ್ತಾರೆ, ಆದ್ರೆ ಆ ವೆಲ್ಡಿಂಗ್ ಗುರುತು ಕಾಣುತ್ತೆ. ಇಲ್ಲಿ ಬ್ರ್ಯಾಕೆಟ್ ಕಂಪನಿಯಿಂದಲೇ ಬಂದಿರೋದು, ನೋಡಿದ್ರೇ ಗೊತ್ತಾಗುತ್ತೆ ಅಂದ. ಮುಂದಿನ ಆಕ್ಸಲ್ಲು, ಚಕ್ರದ ಬೋಲ್ಟು ಐದಾ ನಾಲ್ಕಾ, 6 ವೋಲ್ಟಾ 12 ವೋಲ್ಟಾ, ಇವೆಲ್ಲ ಸುಲಭಕ್ಕೆ ಬದಲಾಗೋವು, ಅದನ್ನ ನೋಡಿ ತೀರ್ಮಾನ ಮಾಡೋಕಾಗಲ್ಲ, ಆದ್ರೆ ಹಿಂದಿನ ಟಾರ್ಷನ್ ಹೌಸಿಂಗ್, ಅಂದ್ರೆ ಸಸ್ಪೆನ್ಷನ್ನಿನ ಸ್ಪ್ರಿಂಗ್ ಸರಳು ಕೂತಿರೋ ಅಡ್ಡ ಕೊಳವೆ, ಪ್ಯಾನಿನದ್ದೇ ಭಾಗ, ಅದು ಸುಳ್ಳು ಹೇಳಲ್ಲ.

ಈಗ ನಂಬರಿನ ಲೆಕ್ಕ ಕೇಳಿ, ಇದು ಎಲ್ಲರಿಗೂ ಗೊತ್ತಿರಬೇಕು. 1964ರ ಆಗಸ್ಟಿಂದ ಆಚೆ, ಅಂದ್ರೆ 1965ರ ಮಾಡೆಲ್ಲಿಂದ, ಮೊದಲ ಎರಡು ಅಂಕಿ ಗಾಡಿ ಯಾವ ತರದ್ದು ಅಂತ ಹೇಳುತ್ತೆ, 11 ಅಂದ್ರೆ ಮಾಮೂಲಿ ಬೀಟಲ್, 14 ಅಂದ್ರೆ ಕಾರ್ಮನ್ ಘಿಯಾ, 15 ಅಂದ್ರೆ ಮೇಲ್ಛಾವಣಿ ಮಡಚೋ ಬೀಟಲ್. ಮೂರನೇ ಅಂಕಿ ಮಾಡೆಲ್ ವರ್ಷ. 115 ಅಂದ್ರೆ 65, 116 ಅಂದ್ರೆ 66, 119 ಅಂದ್ರೆ 69. 1970ರ ಮಾಡೆಲ್ಲಿಂದ ಇನ್ನೊಂದು ಅಂಕಿ, 2, ಸೇರುತ್ತೆ, 70ರದ್ದು 1102 ಅಂತ ಶುರುವಾಗುತ್ತೆ. 1965ಕ್ಕೂ ಹಿಂದಿನ ಮಾಡೆಲ್ಲುಗಳದ್ದು ಬರೀ ಸಾಲು ನಂಬರು, ವರ್ಷ ತಿಳ್ಕೊಳೋಕೆ ಪಟ್ಟಿ ನೋಡ್ಬೇಕು. ಇವತ್ತಿನ 17 ಅಕ್ಷರದ ವಿನ್ ನಂಬರ್, ಅಂದ್ರೆ ಛಾಸಿ ನಂಬರ್, ಬಂದಿದ್ದು 1981ರ ಮಾಡೆಲ್ಲಿಂದ, ಅದಕ್ಕೇ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಹಿಸ್ಟರಿ ರಿಪೋರ್ಟ್ ತೆಗೀತೀನಿ ಅಂದ್ರೆ ಈ 9 ಅಂಕಿ ಹಾಕಿದ್ರೆ ಅದು ಬಾಯೇ ಬಿಡಲ್ಲ. ನಾನು ಹಾಕಿ ನೋಡಿದ್ದೆ, ಏನೂ ಬರ್ಲಿಲ್ಲ, ಏನೂ ಬರ್ಲಿಲ್ಲ ಅಂದ್ರೆ ಕಂಪ್ಲೇಂಟ್ ಇಲ್ಲ ಅಂತ ಅರ್ಥ ಮಾಡ್ಕೊಂಡೆ.

ಸೀಟ್ ಪೂರ್ತಿ ಬಿಚ್ಚಿದ್ವಿ. ನಾಲ್ಕು ಬೋಲ್ಟು, ಹತ್ತು ನಿಮಿಷದ ಕೆಲಸ, ಆವತ್ತೇ ಮಾಡಬಹುದಿತ್ತು. ನಂಬರ್ ಸುತ್ತ ಕಪ್ಪು ಪೇಂಟ್ ದಪ್ಪಗಿತ್ತು, ಟನೆಲ್ಲಿನ ಉಳಿದ ಕಡೆ ತೆಳ್ಳಗೆ. ಬೆರಳಾಡಿಸಿದ್ರೆ ನಂಬರ್ ಇರೋ ಜಾಗ ಒಂಚೂರು ಎತ್ತರ, ಅಂಚಿನಲ್ಲಿ ಗೀರು ಸಿಕ್ತು. ಆಯಸ್ಕಾಂತ ಇಟ್ರೆ ಮಧ್ಯದಲ್ಲಿ ಗಟ್ಟಿಯಾಗಿ ಹಿಡಿಯುತ್ತೆ, ಅಂಚಿನಲ್ಲಿ ಜಾರುತ್ತೆ, ಅಲ್ಲಿ ಕಬ್ಬಿಣದ ಮೇಲೆ ಪುಟ್ಟಿ ಮೆತ್ತಿದೆ ಅಂತ. ಫ್ರೆಂಡು ಥಿನ್ನರ್ ತಗೊಂಡ, ಆಮೇಲೆ ವಾಪಸ್ ಇಟ್ಟ. "ಮುಟ್ಟೋದು ಬೇಡ ಮಗಾ, ಇದನ್ನ ನಾವು ಕೆರೆದ್ರೆ ನಾವೇ ಮಾಡಿದ್ದು ಅಂತಾರೆ" ಅಂದ. ಅವನ ಆ ಒಂದು ಮಾತಿಗೆ ಇವತ್ತಿಗೂ ಥ್ಯಾಂಕ್ಸ್ ಹೇಳ್ತೀನಿ, ಯಾಕಂದ್ರೆ ವಿನ್ ನಂಬರ್ ಕಿತ್ತು ಹಾಕೋದು ತಿದ್ದೋದು ಇಲ್ಲಿ ಫೆಡರಲ್ ಅಪರಾಧ, 5 ವರ್ಷದವರೆಗೂ ಜೈಲು.

ಅಪಾಯಿಂಟ್‌ಮೆಂಟ್ ದಿನ ನಾನೇ ಆಫೀಸರ್‌ಗೆ ಎಲ್ಲಾ ಹೇಳಿದೆ. ಆತ ಕೆರೆದು ನೋಡಿದ. ಯಾವುದೋ ಸತ್ತ 66ರ ಪ್ಯಾನಿಂದ ನಂಬರ್ ಇರೋ ತುಂಡನ್ನ ಕತ್ತರಿಸಿ ತಂದು, ಈ ಟನೆಲ್ ಮೇಲೆ ಕೂರಿಸಿ ವೆಲ್ಡ್ ಮಾಡಿ, ಅಂಚಿಗೆ ಪುಟ್ಟಿ ಹಚ್ಚಿ, ಪೇಂಟ್ ಹೊಡೆದಿದ್ರು. ಅದರ ಕೆಳಗೆ ಅಸಲಿ ನಂಬರ್ ಹಂಗೇ ಇತ್ತು, 119. ಕಂಪ್ಯೂಟರ್‌ಗೆ ಹಾಕಿದ ಐದು ನಿಮಿಷಕ್ಕೆ ಉತ್ತರ ಬಂತು, ಎರಡು ವರ್ಷದ ಹಿಂದೆ ಯಾರದೋ ಮನೆ ಹಿತ್ತಲಿಂದ ಕದ್ದಿರೋ ಬಗ್ಗಿ. ಆವಾಗ ಅದು ಹಸಿರು ಬಣ್ಣ.

ಅಂದ್ರೆ ನಾನು ನೋಡಿದ ಟೈಟಲ್ ನಕಲಿ ಅಲ್ಲ, ಅಸಲಿ ಟೈಟಲ್ಲೇ. ನಂಬರ್ ಕೂಡ ಫೋಕ್ಸ್‌ವ್ಯಾಗನ್ ಕೊರೆದ ಅಸಲಿ ನಂಬರೇ. ಕಾಗದ ನಂಬರಿಗೆ ಮ್ಯಾಚ್ ಆಯ್ತು, ನಂಬರ್ ಗಾಡಿಗೆ ಮ್ಯಾಚ್ ಆಗ್ಲಿಲ್ಲ. ಗುಜರಿಗೆ ಹೋದ ಬೀಟಲ್ಲುಗಳ ಟೈಟಲ್ ಜೊತೆಗೆ ಅಂಗೈಯಗಲ ತಗಡು ಸಿಕ್ರೆ ಸಾಕು ಇವ್ರಿಗೆ, ಅದಕ್ಕೇ ಯಾರಾದ್ರೂ "ಬರೀ ಟೈಟಲ್ ಮಾರಾಟಕ್ಕಿದೆ" ಅಂತ ಜಾಹೀರಾತು ಹಾಕಿದ್ರೆ ಹತ್ರ ಹೋಗ್ಬೇಡಿ.

ಗಾಡಿ ಅಲ್ಲೇ ಉಳೀತು. ಕದ್ದ ಮಾಲು ಎಷ್ಟು ಕೈ ಬದಲಾದ್ರೂ, ತಗೊಂಡವನು ಎಷ್ಟೇ ಪ್ರಾಮಾಣಿಕನಾದ್ರೂ, ಕಳಕೊಂಡವನದ್ದೇ. ಇಲ್ಲಿ ಅವನಿಗೆ ಇನ್ಶೂರೆನ್ಸ್ ದುಡ್ಡು ಕೊಟ್ಟಾಗಿತ್ತು, ಹಂಗಾಗಿ ಈಗ ಗಾಡಿ ಇನ್ಶೂರೆನ್ಸ್ ಕಂಪನೀದು. ನನ್ನ ಬ್ಯಾಟರಿನಾದ್ರೂ ಕೊಡಿ ಅಂದೆ, ಅರ್ಜಿ ಕೊಡಿ ನೋಡೋಣ ಅಂದ್ರು. ಮಾರಿದವನ ಫೋನ್ ಸ್ವಿಚ್ ಆಫ್, ಆ ಮನೆಗೆ ಹೋದ್ರೆ ಬೇರೆಯವ್ರು ಇದ್ರು, ಆ ಹೆಸರಿನೋರು ಯಾರೂ ಇಲ್ಲಿ ಇರ್ಲಿಲ್ಲ ಅಂದ್ರು. ಟೈಟಲ್‌ನಲ್ಲಿದ್ದ ಹೆಸರಿನವರನ್ನ ಪೊಲೀಸ್ರು ಹುಡುಕಿದ್ರೆ ಪಾಪ ವಯಸ್ಸಾದ ಮನುಷ್ಯ, ತುಕ್ಕು ಹಿಡಿದ ಬೀಟಲ್ಲನ್ನ ಯಾರೋ ಬಂದು ಕೇಳಿದ್ರು ಅಂತ ಸೈನ್ ಹಾಕಿ ಕೊಟ್ಟಿದ್ರಂತೆ.

ಸ್ಯಾಂಡ್ ರೈಲ್ ಅಂತ ಬರೀ ಪೈಪಲ್ಲಿ ಮಾಡಿರೋ ಗಾಡಿಗಳಿಗಂತೂ ಪ್ಯಾನೇ ಇರಲ್ಲ, ಹುಟ್ಟಿಂದಲೇ ನಂಬರ್ ಇರಲ್ಲ, ಅವುಕ್ಕೆ ಸ್ಟೇಟ್ ಕೊಟ್ಟಿರೋ ನಂಬರಿನ ಪ್ಲೇಟ್ ಇದ್ರೆ ಮಾತ್ರ ಮುಂದಿನ ಮಾತು. ಟೈಟಲ್ ಕಳೆದೋಗಿದೆ, ಬಾಂಡ್ ಅಂತ ಗ್ಯಾರಂಟಿ ಕಟ್ಟಿ ಹೊಸದು ಮಾಡಿಸ್ಕೊಳ್ಳಿ ಅನ್ನೋರೂ ಸಿಗ್ತಾರೆ, ಅಷ್ಟು ಸುಲಭ ಆಗಿದ್ರೆ ಅವನೇ ಮಾಡಿಸಿ ಜಾಸ್ತಿ ರೇಟಿಗೆ ಮಾರ್ತಿದ್ದ. ಮೊದ್ಲೆಲ್ಲಾ ವರ್ಮಾಂಟ್ ಸ್ಟೇಟಿಗೆ ಪೋಸ್ಟಲ್ಲೇ ಅರ್ಜಿ ಹಾಕಿ ಹಳೇ ಗಾಡಿಗೆ ರಿಜಿಸ್ಟ್ರೇಷನ್ ತರಿಸ್ತಿದ್ರು, 2023ರಲ್ಲಿ ಅದನ್ನೂ ಬಿಗಿ ಮಾಡಿದ್ರು, ಇನ್ನೂ ಆ ದಾರಿ ಹೇಳೋನು ಸಿಕ್ರೆ ಎದ್ದು ಬನ್ನಿ. ಮಾರೋನು ನಿಜವಾಗ್ಲೂ ಸಾಚಾ ಆಗಿದ್ರೆ ನಿಮ್ಮ ಜೊತೆ ಡಿಎಂವಿಗೋ ಪೊಲೀಸ್ ಹತ್ರಕ್ಕೋ ಬಂದು, ನಂಬರ್ ಚೆಕ್ ಆದ್ಮೇಲೆ ಅಲ್ಲೇ ದುಡ್ಡು ತಗೊಳ್ಳೋಕೆ ಅವನಿಗೇನು ಕಷ್ಟ?

ಹೋದ ತಿಂಗಳು ಇನ್ನೊಂದು ಜಾಹೀರಾತು ಕಣ್ಣಿಗೆ ಬಿತ್ತು. ನೀಲಿ ಬಗ್ಗಿ, 1965, "ಕ್ಲೀನ್ ಟೈಟಲ್ ಕೈಯಲ್ಲಿದೆ", ಬರೆದಿರೋ ಸ್ಟೈಲ್ ಅದೇ, ಫೋಟೋ ಹಿಂದಿರೋ ಬೇಲಿನೂ ನೋಡಿದ ಹಾಗಿತ್ತು. ಬೇರೆ ಹೆಸರಲ್ಲಿ ಮೆಸೇಜ್ ಹಾಕ್ದೆ, ಹಿಂದಿನ ಸೀಟ್ ಬಿಚ್ಚಿ ಟನೆಲ್ಲಿಂದು ಒಂದು ಫೋಟೋ, ಹಿಂದಿನ ಆಕ್ಸಲ್ಲಿಂದು ಒಂದು ಫೋಟೋ ಕಳಿಸ್ತೀರಾ ಅಂತ. ಎರಡು ಗಂಟೇಲಿ ಜಾಹೀರಾತೇ ಮಾಯ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ, ಕೇಸ್ ನಂಬರ್ ಬರೆದು ಆಫೀಸರ್‌ಗೆ ಕಳಿಸಿದೀನಿ.