ಹೋಲ್‌ಸೇಲಿಂಗ್‌ಗೆ ಇಳಿಯೋ ಮುಂಚೆ ಓದಿ: ನನ್ನ ‘ಕ್ಯಾಶ್ ಬೈಯರ್’ ಬೈಯರ್ರೇ ಅಲ್ಲ

ಅಮೆರಿಕದಲ್ಲಿರೋ ನಮ್ಮವರಿಗೆ, ಅದರಲ್ಲೂ ಡಲ್ಲಾಸ್ ಕಡೆಯವರಿಗೆ ಹೇಳ್ತಿದ್ದೀನಿ. “ಸ್ವಂತ ದುಡ್ಡು ಬೇಡ, ಲೋನ್ ಬೇಡ, ಒಂದು ಡೀಲಿಗೆ 12,000 ಡಾಲರ್” ಅಂತ ಯಾರಾದರೂ ಮನೆಗಳ ಹೋಲ್‌ಸೇಲಿಂಗ್ ಕಲಿಸೋಕೆ ಬಂದರೆ ಸ್ವಲ್ಪ ತಡೀರಿ. ಕೋರ್ಸಿಗೆ 4,997, ಅರ್ನೆಸ್ಟ್ ಮನಿ (ಮನೆ ಕೊಳ್ತೀನಿ ಅಂತ ಕಟ್ಟೋ ಮುಂಗಡ) 1,500, ಆಪ್ಷನ್ ಫೀ (ಕಾಂಟ್ರ್ಯಾಕ್ಟಿಂದ ಹಿಂದೆ ಸರಿಯೋ ಹಕ್ಕಿಗೆ ಕೊಡೋದು) 200, ಮಾಲೀಕರ ಲಿಸ್ಟು, ಅವರ ಫೋನ್ ನಂಬರ್ ಹುಡುಕಿಸೋ ಸ್ಕಿಪ್ ಟ್ರೇಸಿಂಗು ಅಂತ ಇನ್ನೂ 600 ಚಿಲ್ಲರೆ. ಎಲ್ಲಾ ಹೋಯ್ತು. ದುಡ್ಡು ಹೋಗಿದ್ದಕ್ಕಿಂತ, ಕಲಿಸೋನು ಕನ್ನಡದಲ್ಲಿ ಮಾತಾಡ್ತಾನೆ ಅನ್ನೋ ಒಂದೇ ಕಾರಣಕ್ಕೆ ನಂಬಿದೆನಲ್ಲ, ಅದಕ್ಕೇ ಹೊಟ್ಟೆ ಉರಿಯೋದು.

ಕೆಲಸ ಏನು ಅಂತ ಗೊತ್ತಿರೋರಿಗೆ ಗೊತ್ತು. ಹಳೇ ಮನೆಯ ಮಾಲೀಕರ ಜೊತೆ ಕಡಿಮೆ ಬೆಲೆಗೆ ಕಾಂಟ್ರ್ಯಾಕ್ಟ್ ಮಾಡ್ಕೊಂಡು, ಮನೆ ಕೊಳ್ಳದೆ, ಆ ಕಾಂಟ್ರ್ಯಾಕ್ಟನ್ನೇ ಫ್ಲಿಪ್ ಮಾಡೋನಿಗೆ (ಮನೆ ಕೊಂಡು ರಿಪೇರಿ ಮಾಡಿ ಮಾರೋನಿಗೆ) ಅಸೈನ್ ಮಾಡಿ, ಅಂದರೆ ಬಿಟ್ಟುಕೊಟ್ಟು, ಮಧ್ಯದ ಫೀ ತಗೊಳ್ಳೋದು. ನಿಂತಿರೋದೆಲ್ಲ ಒಂದೇ ಲೆಕ್ಕದ ಮೇಲೆ: ರಿಪೇರಿ ಆದ ಮೇಲೆ ಮನೆ ಎಷ್ಟಕ್ಕೆ ಹೋಗುತ್ತೆ, ಅದರ 70%, ಅದರಲ್ಲಿ ರಿಪೇರಿ ಖರ್ಚು ಕಳೆಯಿರಿ, ನಿಮ್ಮ ಫೀ ಕಳೆಯಿರಿ. ಉಳಿದದ್ದೇ ಮಾಲೀಕರಿಗೆ ಕೊಡಬಹುದಾದ ಬೆಲೆ.

ಕೋರ್ಸ್ ಕಲಿಸಿದ ನಮ್ಮ ಮೆಂಟರ್ ಸಾಹೇಬರು ಹಾಕಿಕೊಟ್ಟ ಲೆಕ್ಕ ಇದು. ಡಲ್ಲಾಸ್ ಪಕ್ಕದ ಮೆಸ್ಕೀಟ್‌ನಲ್ಲಿ 1968ರ ಮನೆ. ರಿಪೇರಿ ಆದ ಮೇಲೆ 2,70,000. 70% ಅಂದರೆ 1,89,000. ರಿಪೇರಿ 35,000. ಉಳಿದದ್ದು 1,54,000. ಫೀ 12,000 ಕಳೆದು 1,42,000ಕ್ಕೆ ಸೈನ್ ಮಾಡಿ ಅಂದ. ಮಾಡಿದೆ.

ಆ 2,70,000 ಎಲ್ಲಿಂದ ಬಂತು ಅಂತ ಕೇಳಲೇ ಇಲ್ಲ ನಾನು. ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟ ಆಯ್ತು ಅನ್ನೋದು ಸಾರ್ವಜನಿಕ ದಾಖಲೆಯಲ್ಲಿ ಸಿಗಲ್ಲ, ಹೇಳಬೇಕು ಅನ್ನೋ ಕಾನೂನೇ ಇಲ್ಲಿಲ್ಲ. ಕೌಂಟಿ ವೆಬ್‌ಸೈಟಲ್ಲಿರೋದು ತೆರಿಗೆಗೆ ಕಟ್ಟಿದ ಅಂದಾಜು ಬೆಲೆ ಅಷ್ಟೇ. ನಿಜವಾದ ಸೋಲ್ಡ್ ಪ್ರೈಸ್ ಬೇಕಾದರೆ ಎಂಎಲ್‌ಎಸ್ (ಏಜೆಂಟರಿಗಷ್ಟೇ ಸಿಗೋ ಮಾರಾಟದ ಪಟ್ಟಿ) ನೋಡೋ ಏಜೆಂಟ್ ಬೇಕು. ಅದಕ್ಕೇ ಹೊಸಬರು ಇಲ್ಲಿ ಸುಲಭವಾಗಿ ಬೀಳ್ತಾರೆ, ಮೆಂಟರ್ ತೋರಿಸಿದ್ದೇ ಕಾಂಪ್ಸ್ (ಬೆಲೆ ಹೋಲಿಸೋಕೆ ಹಿಡಿಯೋ, ಹತ್ತಿರದಲ್ಲಿ ಮಾರಾಟವಾದ ಮನೆಗಳು). ಆಮೇಲೆ ಪರಿಚಯದ ಏಜೆಂಟ್ ಒಬ್ಬರು ತೆಗೆದು ನೋಡಿದರು. ಅವನು ಕೊಟ್ಟ ಮೂರು ಮನೆಗಳಲ್ಲಿ ಎರಡು ದೊಡ್ಡ ರಸ್ತೆಯ ಆಚೆ ಇದ್ದವು, ಶಾಲೆಯೇ ಬೇರೆ. ಮೂರನೆಯದು 400 ಚದರ ಅಡಿ ದೊಡ್ಡದು. ಸರಿಯಾದ ಬೆಲೆ 2,35,000. ಅಷ್ಟೇ.

ರಿಪೇರಿ 35,000 ಅಂದಿದ್ದು ಪೇಂಟು, ಫ್ಲೋರಿಂಗು, ಅಡುಗೆಮನೆ, ರೂಫ್ ಸೇರಿ. ಅದು ಕಣ್ಣಿಗೆ ಕಾಣೋದು. ಕಾಣದ್ದು ಸ್ಲ್ಯಾಬ್ (ಮನೆ ನಿಂತಿರೋ ಕಾಂಕ್ರೀಟ್ ಹಾಸು) ಕೆಳಗೆ ಇರುತ್ತೆ. ಡಲ್ಲಾಸ್ ಸುತ್ತ ಜೇಡಿಮಣ್ಣು, ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ, ಸ್ಲ್ಯಾಬ್ ಓರೆಯಾಗುತ್ತೆ. ಅರವತ್ತರ ದಶಕದ ಮನೆ ಅಂದರೆ ಕೆಳಗಿನ ಡ್ರೈನ್ ಪೈಪು ಬಹುಪಾಲು ಕಬ್ಬಿಣದ್ದು, ಒಳಗೆ ತುಕ್ಕು ತಿಂದಿರುತ್ತೆ. ಸ್ಲ್ಯಾಬ್ ಓರೆಯಾದ ಗುರುತುಗಳು: ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಎದ್ದ ಬಿರುಕು, ತಾನಾಗೇ ಮುಚ್ಚಿಕೊಳ್ಳೋ ಬಾಗಿಲು, ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಹೋದ ಬಿರುಕು. ಮೂರೂ ನಾನೇ ತೆಗೆದ ಫೋಟೋಗಳಲ್ಲಿ ಇದ್ದವು! ಅವನಿಗೆ ಕಳಿಸಿದ್ದೂ ಇದ್ದೆ. “ಕಾಸ್ಮೆಟಿಕ್ ಗುರು, ತಲೆ ಕೆಡಿಸ್ಕೋಬೇಡಿ” ಅಂದ.

ಈಗ ಸೈನ್ ಮಾಡಿದ ಮೇಲಿನ ಹತ್ತು ದಿನದ ಕಥೆ. ಟೆಕ್ಸಸ್ ಕಾಂಟ್ರ್ಯಾಕ್ಟಲ್ಲಿ ಆಪ್ಷನ್ ಪೀರಿಯಡ್ ಅಂತ ಇರುತ್ತೆ, ನನ್ನದು ಹತ್ತು ದಿನ. ಅದರೊಳಗೆ ಕಾರಣ ಹೇಳದೆ ಬಿಟ್ಟುಬಿಡಬಹುದು, ಅರ್ನೆಸ್ಟ್ ಮನಿ ವಾಪಸ್. ಕೊನೇ ದಿನ ಸಂಜೆ 5 ಗಂಟೆಯೊಳಗೆ ನೋಟಿಸ್ ತಲುಪಬೇಕು. 5 ದಾಟಿದರೆ ಮುಗೀತು. ಎಂಟನೇ ದಿನವಾದರೂ ಕೊಳ್ಳೋರು ಯಾರೂ ಸಿಕ್ಕಿರಲಿಲ್ಲ, ಬಿಟ್ಟುಬಿಡ್ತೀನಿ ಅಂದೆ. ಮೆಂಟರ್ ಉತ್ತರ: “ಬೈಯರ್ ರೆಡಿ ಇದ್ದಾನೆ, ನನ್ನ ಲಿಸ್ಟಲ್ಲಿರೋ ಕ್ಯಾಶ್ ಬೈಯರ್, ನಾಳೆ ಸೈನ್ ಮಾಡ್ತಾನೆ.” ಒಂಬತ್ತನೇ ದಿನ: “ಟ್ರಾವೆಲ್‌ನಲ್ಲಿದ್ದಾನಂತೆ.” ಹತ್ತನೇ ದಿನ ಮಧ್ಯಾಹ್ನ: “100% ಕನ್ಫರ್ಮ್, ಈಗ ಕ್ಯಾನ್ಸಲ್ ಮಾಡಿದರೆ ನಿಮ್ಮ ಹೆಸರೇ ಕೆಡುತ್ತೆ.” ಆ ಬೈಯರ್ ಟೈಟಲ್ ಕಂಪನಿಗೆ (ಮಾರಾಟದ ದುಡ್ಡು, ಕಾಗದ ನೋಡ್ಕೊಳ್ಳೋ ಮಧ್ಯಸ್ಥ ಕಂಪನಿ) ಒಂದು ಡಾಲರ್ ಕೂಡ ಡೆಪಾಸಿಟ್ ಕಟ್ಟಿರಲಿಲ್ಲ. ಒಂದು ಡಾಲರ್! ನಾನು ಕೇಳಲೂ ಇಲ್ಲ. 5 ಗಂಟೆ ದಾಟಿಹೋಯ್ತು.

ಹನ್ನೆರಡನೇ ದಿನ ಬೇರೆ ಯಾರದೋ ಲಿಸ್ಟಿನಿಂದ ನನಗೇ ಇಮೇಲ್ ಬಂತು: “ಹಾಟ್ ಡೀಲ್, ಮೆಸ್ಕೀಟ್, 1,69,000.” ತೆಗೆದರೆ ನನ್ನದೇ ಮನೆ, ನನ್ನದೇ ಫೋಟೋ. ಬಾತ್‌ರೂಮ್ ಕನ್ನಡಿಯಲ್ಲಿ ಫೋನ್ ಹಿಡ್ಕೊಂಡು ನಿಂತಿದ್ದೀನಿ ನಾನೇ. 1,54,000ಕ್ಕೆ ನಾನು ಕೊಡ್ತೀನಿ ಅಂದಿದ್ದಕ್ಕೆ 15,000 ಸೇರಿಸಿ ಆ ‘ಕ್ಯಾಶ್ ಬೈಯರ್’ ಮುಂದಕ್ಕೆ ಬಿಟ್ಟಿದ್ದ. ಅವನೂ ಹೋಲ್‌ಸೇಲರ್. ಅವನ ಹತ್ತಿರ ಕ್ಯಾಶೂ ಇಲ್ಲ, ನನ್ನ ಜೊತೆ ಸೈನ್ ಮಾಡಿದ ಕಾಗದವೂ ಇಲ್ಲ. ಹೀಗೆ ಒಬ್ಬ ಹೋಲ್‌ಸೇಲರ್ ಡೀಲನ್ನ ಇನ್ನೊಬ್ಬ ಫೀ ಸೇರಿಸಿ ಮುಂದಕ್ಕೆ ದಾಟಿಸೋದಕ್ಕೆ ಡೈಸಿ ಚೈನ್ ಅಂತಾರೆ. ಕೋರ್ಸಲ್ಲಿ ಈ ಪದವೇ ಬಂದಿರಲಿಲ್ಲ.

ಮೆಂಟರ್‌ಗೆ ಸ್ಕ್ರೀನ್‌ಶಾಟ್ ಕಳಿಸಿದೆ. “ನೆಟ್‌ವರ್ಕಿಂಗ್ ಅಂದ್ರೆ ಹಾಗೇ ಗುರು, ಎಲ್ಲರೂ ಊಟ ಮಾಡಬೇಕಲ್ವಾ?” ಇದು ಉತ್ತರ. ನನ್ನ ತಟ್ಟೆಯಲ್ಲಿ ಊಟ ಮಾಡ್ಕೊಂಡು ನನಗೇ ಹೇಳೋದು!

ಹದಿನಾಲ್ಕನೇ ದಿನ ನಿಜವಾದ ಫ್ಲಿಪ್ಪರ್ ಒಬ್ಬರು ಬಂದರು. ಜೊತೆಗೆ ಪ್ಲಂಬರ್, ಡ್ರೈನ್‌ಗೆ ಕ್ಯಾಮೆರಾ ಬಿಟ್ಟರು. ಸ್ಲ್ಯಾಬ್ ಎತ್ತಿ ನಿಲ್ಲಿಸೋ ಪಿಯರ್ (ಆಧಾರ ಕಂಬ) ಹಾಕೋಕೆ 13,000, ಸ್ಲ್ಯಾಬ್ ಕೆಳಗೆ ಸುರಂಗ ತೋಡಿ ಪೈಪ್ ಬದಲಾಯಿಸೋಕೆ 16,500, ಕರೆಂಟ್ ಪ್ಯಾನೆಲ್, ವೈರಿಂಗ್ 6,500. ಮೊದಲಿನ 35,000 ಸೇರಿ ಒಟ್ಟು ರಿಪೇರಿ 71,000. ಈಗ ಹಾಕಿ ಲೆಕ್ಕ: 2,35,000ದ 70% ಅಂದರೆ 1,64,500, ಅದರಲ್ಲಿ 71,000 ಹೋದರೆ 93,500. ನನ್ನ ಫೀ ಸೊನ್ನೆ ಅಂದರೂ 48,500 ಜಾಸ್ತಿಗೆ ಸೈನ್ ಮಾಡಿದ್ದೆ. ಅವರು 90,000 ಅಂದರು, ನಕ್ಕು ಹೋದರು.

ಮನೆಯ ಯಜಮಾನಿಗೆ ಫೋನ್ ಮಾಡಿ ಆಗಲ್ಲ ಅಂತ ಹೇಳಬೇಕಾಯ್ತು. ಅವರಾಗಲೇ ಸಾಮಾನು ಕಟ್ಟೋಕೆ ಶುರು ಮಾಡಿದ್ದರು. “ನೀವೇ ಕೊಳ್ತೀರಿ ಅಂದಿದ್ದಿರಲ್ಲ?” ಅಂತ ಕೇಳಿದರು. ಏನು ಹೇಳಲಿ? ಹಾಗೇ ಹೇಳಬೇಕು ಅಂತ ಕೋರ್ಸಲ್ಲಿ ಕೊಟ್ಟ ಸ್ಕ್ರಿಪ್ಟಲ್ಲಿ ಬರೆದಿತ್ತು. ಟೆಕ್ಸಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಕಾಂಟ್ರ್ಯಾಕ್ಟ್ ಮಾರಬೇಕಾದರೆ, ನನ್ನ ಹತ್ತಿರ ಇರೋದು ಕಾಂಟ್ರ್ಯಾಕ್ಟಿನ ಹಕ್ಕು ಮಾತ್ರ, ಮನೆ ನನ್ನದಲ್ಲ ಅಂತ ಕೊಳ್ಳೋರಿಗೆ ತಿಳಿಸಲೇಬೇಕು. ಬೇರೆ ರಾಜ್ಯಗಳಲ್ಲಿ ಇನ್ನೂ ಬಿಗಿ: ಇಲಿನಾಯ್‌ನಲ್ಲಿ 12 ತಿಂಗಳಿಗೆ ಒಂದಕ್ಕಿಂತ ಹೆಚ್ಚು ಡೀಲ್ ಮಾಡಿದರೆ ಲೈಸೆನ್ಸ್ ಬೇಕು, ಸೌತ್ ಕ್ಯಾರೊಲೈನಾ 2024ರಲ್ಲಿ ಕಾನೂನನ್ನೇ ಬದಲಾಯಿಸಿದೆ. ಕೋರ್ಸ್‌ನವರು ಎಲ್ಲಾ 50 ರಾಜ್ಯಕ್ಕೂ ಒಂದೇ ಕಾಗದ ಹಂಚ್ತಾರೆ.

ಇನ್ನು ಮೆಸೇಜ್ ವಿಷಯ. ಸ್ಕಿಪ್ ಟ್ರೇಸ್ ಮಾಡಿದ ನಂಬರುಗಳಿಗೆಲ್ಲ ಒಟ್ಟಿಗೆ ಟೆಕ್ಸ್ಟ್ ಬಿಡಿ ಅಂತಾನೆ ಮೆಂಟರ್. ಡು ನಾಟ್ ಕಾಲ್ (ಮಾರಾಟದ ಕರೆ ಬೇಡ ಅಂದವರ) ಪಟ್ಟಿಯಲ್ಲಿರೋ ನಂಬರ್ ಸಿಕ್ಕರೆ ಟಿಸಿಪಿಎ ಅನ್ನೋ ಫೋನ್ ಕಾನೂನಿನ ಪ್ರಕಾರ ಅವರು ಒಂದೊಂದು ಮೆಸೇಜಿಗೆ 500ರಿಂದ 1,500 ಡಾಲರ್ ತನಕ ಕೇಳಬಹುದು. ಹಾಗೆ ಕೇಸ್ ಹಾಕೋದನ್ನೇ ಕಸುಬು ಮಾಡ್ಕೊಂಡವರೂ ಇದ್ದಾರೆ.

ಎಚ್1ಬಿ ಕೆಲಸದ ವೀಸಾದಲ್ಲಿರೋರು ಇದನ್ನು ಇನ್ವೆಸ್ಟ್‌ಮೆಂಟ್ ಅಂದ್ಕೋಬೇಡಿ. ಫೋನ್ ಮಾಡೋದು, ಚೌಕಾಸಿ ಮಾಡೋದು, ಫೀ ತಗೊಳ್ಳೋದು ಅಂದರೆ ಅದು ಕೆಲಸ. ಇಮಿಗ್ರೇಷನ್ ಲಾಯರ್‌ನ ಕೇಳದೆ ಕೈಹಾಕಬೇಡಿ. ಅವನು ಇದನ್ನು “ಪ್ಯಾಸಿವ್ ಇನ್ಕಮ್” ಅಂತಾನೆ. ಪ್ಯಾಸಿವ್ ಅಂತೆ, ರಾತ್ರಿ ಒಂಬತ್ತರ ತನಕ ಕೋಲ್ಡ್ ಕಾಲ್ ಮಾಡಿಸಿ!

ಆದರೂ ಇಳಿತೀನಿ ಅನ್ನೋರು ಬೈಯರ್‌ನಿಂದ 3,000 ಆದರೂ ವಾಪಸ್ ಬರದ ಡೆಪಾಸಿಟ್ ಟೈಟಲ್ ಕಂಪನಿಗೆ ಹಾಕಿಸಿ, ಅದೂ ಆಪ್ಷನ್ ಮುಗಿಯೋ ಮುಂಚೆ. ಪ್ರೂಫ್ ಆಫ್ ಫಂಡ್ಸ್ (ದುಡ್ಡಿದೆ ಅನ್ನೋ ಪುರಾವೆ) ಅಂತ ಕಳಿಸೋ ಪಿಡಿಎಫ್ ನಂಬಬೇಡಿ, ಬ್ಯಾಂಕಿಗೇ ಫೋನ್ ಮಾಡಿ. ಕಳೆದ ಆರು ತಿಂಗಳಲ್ಲಿ ಯಾವ ಮನೆ ಕೊಂಡಿದ್ದೀಯ ಅಂತ ಕೇಳಿ, ಡೀಡ್ (ಕ್ರಯಪತ್ರ) ಕೌಂಟಿ ದಾಖಲೆಯಲ್ಲಿ ಸಿಗುತ್ತೆ. ಬೆಲೆ ಸಿಗಲ್ಲ, ಹೆಸರಂತೂ ಸಿಗುತ್ತೆ. ಹೆಸರಿಲ್ಲ ಅಂದರೆ ಅವನು ಬೈಯರ್ ಅಲ್ಲ. ಡ್ರೈನ್ ಕ್ಯಾಮೆರಾ ಮೊದಲ ವಾರದಲ್ಲೇ ಬಿಡಿಸಿ.

ಕೋರ್ಸ್ ಫೀ ರೀಫಂಡ್ ಕೇಳಿದ್ದಕ್ಕೆ ಮೆಂಟರ್‌ನಿಂದ ಬಂದ ಮೆಸೇಜ್: “ನಿಮ್ಮ ಫಾಲೋಅಪ್ ಸಾಲದು. ಬೇಕಿದ್ರೆ ಮುಂದಿನ ಬ್ಯಾಚ್‌ಗೆ ಅರ್ಧ ಫೀ ತಗೋತೀನಿ.” ಕ್ರೆಡಿಟ್ ಕಾರ್ಡಲ್ಲಿ ಕಟ್ಟಿದ್ದರೆ ಡಿಸ್ಪ್ಯೂಟ್ ಹಾಕಬಹುದಿತ್ತು. “ಕಾರ್ಡ್‌ಗೆ 3% ಎಕ್ಸ್‌ಟ್ರಾ ಆಗುತ್ತೆ, ಝೆಲ್ ಮಾಡಿಬಿಡಿ” ಅಂದಿದ್ದ. 150 ಡಾಲರ್ ಉಳಿಯುತ್ತೆ ಅಂತ ಝೆಲ್‌ನಲ್ಲಿ, ಅಂದರೆ ಬ್ಯಾಂಕಿಂದ ನೇರವಾಗಿ, ಕಳಿಸಿಬಿಟ್ಟೆ.